ನೀಲಿ ಕೋಟು, ಕರಿಯ ಕೋಟು

ಅಮೆರಿಕ ಸಂಯುಕ್ತ ಸಂಸ್ಥಾನಗಳ ಹಳ್ಳಿಗಾಡಿನ ಹೈಸ್ಕೂಲುಗಳಲ್ಲಿ ಒಂದು ಬಗೆಯ ಸಭೆ ಕೂಡುತ್ತದೆ. ಮೊದಲ ಬಾರಿಗೆ ಅದನ್ನು ಕಂಡವರು ಇದು ಪಾಠಶಾಲೆಯೋ ನ್ಯಾಯಸ್ಥಾನವೋ ದೇವಾಲಯವೋ ಎಂದು ಬೆರಗಾದರೆ ತಪ್ಪಲ್ಲ. ಹದಿನಾರು ವರ್ಷದ ಹುಡುಗನೊಬ್ಬ ಅಧ್ಯಕ್ಷನ ಸ್ಥಾನದಲ್ಲಿ ನಿಂತು ಮರದ ಸುತ್ತಿಗೆಯಿಂದ ಎರಡು ಬಾರಿ ಕುಟ್ಟುತ್ತಾನೆ. ಗದ್ದಲ ಅಡಗುತ್ತದೆ. ಪದಾಧಿಕಾರಿಗಳೆಲ್ಲ ತಂತಮ್ಮ ಸ್ಥಾನದಲ್ಲಿರುವರೇ ಎಂದು ಉಪಾಧ್ಯಕ್ಷನು ಒಬ್ಬೊಬ್ಬರನ್ನಾಗಿ ವಿಚಾರಿಸುತ್ತಾನೆ. ಅವರವರು ಎದ್ದು ತಾವು ಎಲ್ಲಿ ನಿಂತಿರುವೆವು, ಅಲ್ಲಿಯೇ ಏಕೆ ನಿಂತಿರುವೆವು ಎಂಬುದನ್ನು ಬಾಯಿಪಾಠವಾಗಿ ಒಪ್ಪಿಸುತ್ತಾರೆ. ಅಧ್ಯಕ್ಷನ ನೆಲೆ ಉದಯಸೂರ್ಯನ ಚಿತ್ರದ ಬಳಿ. ಉಪಾಧ್ಯಕ್ಷನದು ನೇಗಿಲಿನ ಬಳಿ. ಕಾರ್ಯದರ್ಶಿಯ ಮುಂದೆ ಮುಸುಕಿನ ಜೋಳದ ತೆನೆ. ವರದಿಗಾರನ ಬಳಿ ರಾಷ್ಟ್ರಧ್ವಜ. ಖಜಾಂಚಿಯ ಸ್ಥಾನದಲ್ಲಿ ಜಾರ್ಜ್ ವಾಷಿಂಗ್ಟನ್ನನ ಪ್ರತಿಮೆ. ದೇಶದ ಮೊದಲ ಅಧ್ಯಕ್ಷನೆಂಬ ಒಂದೇ ಕಾರಣಕ್ಕಲ್ಲ. ಆತ ತನ್ನ ಜಮೀನಿನ ಲೆಕ್ಕವನ್ನು ಕಟ್ಟುನಿಟ್ಟಾಗಿ ಬರೆದಿಡುತ್ತಿದ್ದ ಬೇಸಾಯಗಾರನೆಂಬ ಕಾರಣಕ್ಕಾಗಿ. ಬಾಗಿಲ ಬಳಿ ಒಬ್ಬ ದ್ವಾರಪಾಲಕ. ಬಂದವರನ್ನು ಬರಮಾಡಿಕೊಳ್ಳುವುದು, ಕೋಣೆಯಲ್ಲಿ ಕುಳಿತವರಿಗೆ ಚಳಿ ಸೆಕೆಗಳ ತೊಂದರೆಯಾಗದಂತೆ ನೋಡಿಕೊಳ್ಳುವುದು ಆತನ ಕೆಲಸ.

ಇನ್ನು ಉಪಾಧ್ಯಾಯರು. ಅವರು ಈ ಸಭೆಯ ಒಡೆಯರಲ್ಲ, ಸಲಹೆಗಾರರು. ಅವರ ಸ್ಥಾನ ಗೂಬೆಯ ಬಳಿ. ಕನ್ನಡಿಗರಿಗೆ ಇಲ್ಲಿ ನಗು ಬಂದರೆ ಸಹಜವೇ. ಮನೆಯ ಮೇಲೆ ಗೂಬೆ ಕೂತರೆ ಶಾಂತಿ ಮಾಡಿಸುವ ನಾಡಿನಲ್ಲಿ ಮೇಷ್ಟರ ಪಕ್ಕಕ್ಕೆ ಗೂಬೆಯನ್ನು ತಂದಿಟ್ಟರೆ ಆ ಊರಿನಲ್ಲಿ ಅವರಿಗೆ ಉಳಿಗಾಲವುಂಟೇ? ಗ್ರೀಕರ ಕಾಲದಿಂದ ಪಶ್ಚಿಮದವರು ಆ ಪಕ್ಷಿಯಲ್ಲಿ ವಿವೇಕವನ್ನು ಕಂಡಿದ್ದಾರೆ, ಅಷ್ಟೆ.

ಈ ಸಂಘದ ಹೆಸರು ‘ಫ್ಯೂಚರ್ ಫಾರ್ಮರ್ಸ್ ಆಫ್ ಅಮೆರಿಕ’; ಕನ್ನಡದಲ್ಲಿ ‘ಅಮೆರಿಕದ ಭಾವೀ ರೈತರು’ ಎನ್ನಬಹುದು. ಇದರ ಸದಸ್ಯರನ್ನು ದೂರದಿಂದಲೇ ಗುರುತಿಸಬಹುದು. ಗೆರೆಗೆರೆಯ ಕಾರ್ಡುರಾಯ್ ಬಟ್ಟೆಯ ನೀಲಿ ಕೋಟು; ಎದೆಯ ಮೇಲೆ ಹೊಂಬಣ್ಣದ ದಾರದಲ್ಲಿ ಹುಡುಗನ ಹೆಸರು; ಬೆನ್ನಮೇಲೆ ಲಾಂಛನ, ಸಂಸ್ಥಾನದ ಹೆಸರು, ಶಾಖೆಯ ಹೆಸರು. ಒಹಾಯೊ ಸಂಸ್ಥಾನದ ಫ್ರೆಡರಿಕ್‌ಟೌನ್ ಎಂಬ ಸಣ್ಣ ಊರಿನ ಹುಡುಗರು ಇಂಥ ಕೋಟನ್ನು ತೊಟ್ಟು 1933ರ ಮಹಾಧಿವೇಶನಕ್ಕೆ ಬಂದರು. ನೋಡಿದವರಿಗೆಲ್ಲ ಅದು ಹಿಡಿಸಿತು. ಅದೇ ಸಂಘದ ಅಧಿಕೃತ ಉಡುಪಾಯಿತು. ಅಲ್ಲಿನ ಹಳ್ಳಿಗಾಡಿನ ಮನೆಗಳಲ್ಲಿ ಅಜ್ಜನ ನೀಲಿ ಕೋಟನ್ನು ಮೊಮ್ಮಗನಿಗೆ ತೋರಿಸುವುದುಂಟು.

ಈ ಸಂಘದ ವಿಶೇಷವನ್ನರಿಯಲು ಮೊದಲು ಅದರ ನೆರೆಮನೆಯನ್ನು ನೋಡಬೇಕು. ಅಮೆರಿಕದ ಹೈಸ್ಕೂಲುಗಳಲ್ಲಿ ‘ಸ್ಟೂಡೆಂಟ್ ಕೌನ್ಸಿಲ್’ ಎಂಬ ವಿದ್ಯಾರ್ಥಿ ಮಂಡಲಿ ಬಹು ಕಾಲದಿಂದ ಇದೆ. ದೇಶದ ವಿದ್ಯಾರ್ಥಿ ಮಂಡಲಿಗಳನ್ನೆಲ್ಲ ಒಂದುಗೂಡಿಸುವ ಸಂಸ್ಥೆಯೊಂದು 1931ರಲ್ಲಿಯೇ ಹುಟ್ಟಿತು. ಅದನ್ನು ಹುಟ್ಟಿಸಿದವರು ವಿದ್ಯಾರ್ಥಿಗಳಲ್ಲ, ಹೈಸ್ಕೂಲಿನ ಮುಖ್ಯೋಪಾಧ್ಯಾಯರುಗಳ ಸಂಘದವರು. ಈ ಮಂಡಲಿಯ ಗುಣವನ್ನು ತಿಳಿಯಲು ಈ ಒಂದು ಸಂಗತಿಯೇ ಸಾಕು. ಚುನಾವಣೆ ನಡೆಯುತ್ತದೆ; ಗೋಡೆಯ ತುಂಬ ಬಣ್ಣದ ಕಾಗದ; ಭಾಷಣ, ಚಪ್ಪಾಳೆ. ಗೆದ್ದವರು ಶರತ್ಕಾಲದ ಉತ್ಸವಕ್ಕೆ ಸಭಾಂಗಣವನ್ನು ಯಾವ ಬಣ್ಣದಿಂದ ಸಿಂಗರಿಸಬೇಕು, ನೃತ್ಯಕೂಟದ ಟಿಕೀಟಿಗೆ ಎಷ್ಟು ಬೆಲೆಯಿಡಬೇಕು ಎಂಬುದನ್ನು ನಿಶ್ಚಯಿಸುತ್ತಾರೆ. ಪಠ್ಯಕ್ರಮ, ಶಿಕ್ಷೆ, ಶಾಲೆಯ ಹಣ ಇವುಗಳ ಮಾತೆತ್ತಿದರೆ ಮುಖ್ಯೋಪಾಧ್ಯಾಯರ ಕೋಣೆಯ ಬಾಗಿಲು ಮುಚ್ಚಿಕೊಳ್ಳುತ್ತದೆ. ಕನ್ನಡನಾಡಿನ ಹೈಸ್ಕೂಲುಗಳ ಶಾಲಾ ಸಂಸತ್ತಿನಲ್ಲಿ ಕ್ರೀಡಾಮಂತ್ರಿ, ಆಹಾರಮಂತ್ರಿ, ಸ್ವಚ್ಛತಾಮಂತ್ರಿಗಳಾಗಿ ಪ್ರಮಾಣವಚನ ಸ್ವೀಕರಿಸಿದ ಮಕ್ಕಳ ತಂದೆತಾಯಿಗಳಿಗೆ ಈ ಚಿತ್ರ ಹೊಸದಾಗಿ ಕಾಣಲಾರದು. ಅಧಿಕಾರವಿಲ್ಲದ ಪದವಿಯಿಂದ ಮಕ್ಕಳು ಕಲಿಯುವುದು ಪದವಿಯ ಬೆಡಗನ್ನು ಮಾತ್ರ.

ಎಲ್ಲ ಕಡೆಯೂ ಹೀಗೆಯೇ ಎಂದರೆ ಅನ್ಯಾಯವಾದೀತು. ಹಾರ್ವರ್ಡ್ ವಿಶ್ವವಿದ್ಯಾನಿಲಯದಲ್ಲಿ ನೀತಿಪ್ರಜ್ಞೆಯ ಬೆಳವಣಿಗೆಯನ್ನು ಅಭ್ಯಾಸ ಮಾಡುತ್ತಿದ್ದ ಲಾರೆನ್ಸ್ ಕೋಲ್‌ಬರ್ಗ್ ಎಂಬ ಮನಶ್ಶಾಸ್ತ್ರಜ್ಞರು 1974ರಲ್ಲಿ ಅದೇ ಕೇಂಬ್ರಿಜ್ ಪಟ್ಟಣದ ಹೈಸ್ಕೂಲೊಂದರ ಒಳಗೆ ಒಂದು ಸಣ್ಣ ಶಾಲೆಯ ಸ್ಥಾಪನೆಗೆ ನೆರವಾದರು. ಅದರ ಹೆಸರು ಕ್ಲಸ್ಟರ್ ಸ್ಕೂಲ್. ವಾರಕ್ಕೊಮ್ಮೆ ಶಾಲೆಯ ಎಲ್ಲರೂ ಸೇರುವ ಸಭೆ. ಉಪಾಧ್ಯಾಯರಿಗೂ ಒಂದೇ ಮತ, ವಿದ್ಯಾರ್ಥಿಗೂ ಒಂದೇ ಮತ. ಅಲ್ಲಿ ಒಮ್ಮೆ ಹುಡುಗಿಯೊಬ್ಬಳ ಹಣ ಕಳುವಾಯಿತು. ಕದ್ದವರು ಯಾರೆಂದು ತಿಳಿಯಲಿಲ್ಲ. ಕಳೆದುಕೊಂಡವಳದೇ ತಪ್ಪು, ಚೀಲವನ್ನು ಜೋಪಾನ ಮಾಡಬೇಕಿತ್ತು ಎಂದು ಕೆಲವರು ವಾದಿಸಿದರು. ಕಳುವಾದದ್ದು ಇಡೀ ಶಾಲೆಯ ಹೊಣೆ ಎಂದು ಉಳಿದವರು ಪಟ್ಟುಹಿಡಿದರು. ಹಣ ತಾನಾಗಿ ಹಿಂದಿರುಗದಿದ್ದರೆ ಪ್ರತಿಯೊಬ್ಬರೂ ಹದಿನೈದು ಸೆಂಟು ತೆರಬೇಕೆಂದು ಕೊನೆಗೆ ತೀರ್ಮಾನವಾಯಿತು. ಹದಿನೈದು ಸೆಂಟು ದೊಡ್ಡ ಮೊತ್ತವಲ್ಲ. ಆದರೆ ಆ ದಿನ ಎತ್ತಿದ ಕೈ ತನ್ನ ಜೇಬಿಗೇ ಹೋಗಬೇಕಾಗಿತ್ತಲ್ಲ! ಆ ಶಾಲೆ ಹೆಚ್ಚು ಕಾಲ ಬಾಳಲಿಲ್ಲ. ನಾಲ್ಕೈದು ವರ್ಷಗಳಲ್ಲಿ ಮುಚ್ಚಿತು.

ಪ್ರೊಫೆಸರರಿಗೆ ಇಷ್ಟು ಕಷ್ಟವಾದದ್ದನ್ನು ರೈತರ ಮಕ್ಕಳ ಸಂಘಗಳು ಸದ್ದಿಲ್ಲದೆ ಅರ್ಧ ಶತಮಾನದಿಂದ ನಡೆಸಿಕೊಂಡು ಬಂದಿದ್ದವು. ಅದರ ಗುಟ್ಟು ಒಂದು ಶಾಸನದಲ್ಲಿದೆ. 1917ರ ಫೆಬ್ರವರಿಯಲ್ಲಿ ಅಧ್ಯಕ್ಷ ವುಡ್ರೊ ವಿಲ್ಸನ್ನರ ಸಹಿ ಪಡೆದ ಸ್ಮಿತ್-ಹ್ಯೂಸ್ ಶಾಸನವು ಹೈಸ್ಕೂಲುಗಳಲ್ಲಿ ಬೇಸಾಯ, ಗೃಹವಿಜ್ಞಾನ, ಕೈಗಾರಿಕೆಗಳನ್ನು ಕಲಿಸುವ ಉಪಾಧ್ಯಾಯರ ಸಂಬಳಕ್ಕೆ ಕೇಂದ್ರದ ಹಣವನ್ನು ಒದಗಿಸಿತು. ಆದರೆ ಬೇಸಾಯದ ವಿಷಯದಲ್ಲಿ ಒಂದು ಷರತ್ತು ಹಾಕಿತು: ವಿದ್ಯಾರ್ಥಿಯು ವರ್ಷಕ್ಕೆ ಕಡಮೆಯೆಂದರೆ ಆರು ತಿಂಗಳು ಉಪಾಧ್ಯಾಯರ ಮೇಲ್ವಿಚಾರಣೆಯಲ್ಲಿ ಜಮೀನಿನ ಕೆಲಸವನ್ನು ಮಾಡಿರಬೇಕು. ಪುಸ್ತಕವನ್ನು ಉರು ಹೊಡೆದವನಿಗೆ ಇಲ್ಲಿ ತೇರ್ಗಡೆಯಿಲ್ಲ. ಮ್ಯಾಸಚೂಸೆಟ್ಸಿನಲ್ಲಿ ರೂಫಸ್ ಸ್ಟಿಮ್ಸನ್ ಎಂಬ ಶಿಕ್ಷಣಾಧಿಕಾರಿ ಅದಕ್ಕೆ ಮೊದಲೇ ಈ ಪದ್ಧತಿಯನ್ನು ನಡೆಸಿ ತೋರಿಸಿದ್ದರು. ಹುಡುಗನ ಮನೆಯ ಹೊಲವೇ ಅವನ ಪ್ರಯೋಗಶಾಲೆ. ಉಪಾಧ್ಯಾಯರು ಅಲ್ಲಿಗೇ ಹೋಗಿ ನೋಡತಕ್ಕದ್ದು.

ಹೀಗಾಗಿ ಹುಡುಗನ ಕೈಗೆ ಒಂದು ಹಂದಿಯೋ ಕರುವೋ ಅರ್ಧ ಎಕರೆ ಜೋಳವೋ ಬಂತು. ಮೇವಿಗೆಷ್ಟು, ಔಷಧಕ್ಕೆಷ್ಟು, ಮಾರಿದಾಗ ಬಂದದ್ದೆಷ್ಟು ಎಂಬುದನ್ನು ದಿನದಿನವೂ ಪುಸ್ತಕದಲ್ಲಿ ಬರೆಯಬೇಕು. ಲೆಕ್ಕದಲ್ಲಿ ಜಾಣತನ ಸಾಗದು. ಹಂದಿಗೆ ತೂಕ ಬಂದಿದೆಯೋ ಇಲ್ಲವೋ ಎಂಬುದನ್ನು ತಕ್ಕಡಿ ಹೇಳಿಬಿಡುತ್ತದೆ. ಕೊಳ್ಳಲು ಹಣವಿಲ್ಲದ ಬಡ ಹುಡುಗರಿಗಾಗಿ ಹಲವು ಶಾಖೆಗಳು ಒಂದು ಸೊಗಸಾದ ಏರ್ಪಾಡು ಮಾಡಿದ್ದವು. ಸಂಘವೇ ಒಬ್ಬನಿಗೆ ಒಂದು ಹೆಣ್ಣು ಹಂದಿಮರಿಯನ್ನು ಕೊಡುತ್ತದೆ. ಅದು ಬೆಳೆದು ಈದಾಗ ಅದರ ಮರಿಗಳಲ್ಲಿ ಒಂದೆರಡು ಹೆಣ್ಣು ಮರಿಗಳನ್ನು ಅವನು ಸಂಘಕ್ಕೆ ಹಿಂದಿರುಗಿಸಬೇಕು. ಅವು ಮತ್ತಿಬ್ಬರು ಹುಡುಗರ ಮನೆಗೆ ಹೋಗುತ್ತವೆ. ಇದಕ್ಕೆ ಅಲ್ಲಿ ‘ಹಂದಿಯ ಸರಪಳಿ’ ಎಂದೇ ಹೆಸರು. ಹಸುವನ್ನು ಪಾಲಿಗೆ ಕೊಟ್ಟು ಸಾಕಿಸುವ ಪದ್ಧತಿಯನ್ನು ಕಂಡ ಹಳ್ಳಿಗರಿಗೆ ಇದರ ಸ್ವಾರಸ್ಯವನ್ನು ಬಿಡಿಸಿ ಹೇಳಬೇಕಾಗಿಲ್ಲ. ಈ ತಿಂಗಳ ಮರಿ ಯಾರ ಮನೆಗೆ ಹೋಗಬೇಕು? ಹೋದ ವರ್ಷ ಪಡೆದವನ ಹಂದಿ ಸತ್ತುಹೋಯಿತು, ಅವನ ಋಣವನ್ನು ಮನ್ನಿಸಬೇಕೆ? ಆ ಹದಿನಾರು ವರ್ಷದ ಅಧ್ಯಕ್ಷನ ಮುಂದೆ ಬರುತ್ತಿದ್ದ ಪ್ರಶ್ನೆಗಳು ಇಂಥವು. ಸಭಾಂಗಣದ ಬಣ್ಣದ ಕಾಗದದ ಪ್ರಶ್ನೆಗಳಲ್ಲ.

ಸಂಘವಾಗಿ ಇದು ಮೊಳೆತದ್ದು ವರ್ಜೀನಿಯ ಸಂಸ್ಥಾನದಲ್ಲಿ. ಅಲ್ಲಿನ ಬ್ಲ್ಯಾಕ್ಸ್‌ಬರ್ಗ್ ಎಂಬ ಊರಿನ ಕಾಲೇಜಿನಲ್ಲಿ ಬೇಸಾಯದ ಉಪಾಧ್ಯಾಯರಿಗೆ ತರಬೇತು ಕೊಡುತ್ತಿದ್ದ ಹೆನ್ರಿ ಗ್ರೋಸ್‌ಕ್ಲೋಸ್ ಮತ್ತು ಸಂಗಡಿಗರು 1926ರಲ್ಲಿ ‘ವರ್ಜೀನಿಯದ ಭಾವೀ ರೈತರು’ ಎಂಬ ಸಂಘವನ್ನು ಕಟ್ಟಿದರು. ಪಟ್ಟಣದ ಹುಡುಗರ ಮುಂದೆ ಹಳ್ಳಿಯ ಹುಡುಗ ಕುಗ್ಗುತ್ತಾನೆ, ನಾಲ್ಕು ಜನರ ನಡುವೆ ಎದ್ದು ನಿಂತರೆ ಅವನ ನಾಲಗೆ ಒಣಗುತ್ತದೆ ಎಂಬುದೇ ಅವರ ಚಿಂತೆಯಾಗಿತ್ತು. ಎರಡು ವರ್ಷಗಳ ಅನಂತರ, 1928ರ ನವೆಂಬರಿನಲ್ಲಿ, ಕನ್ಸಾಸ್ ಸಿಟಿಯ ಜಾನುವಾರು ಪ್ರದರ್ಶನಕ್ಕೆ ಹುಡುಗರು ಬಂದಿದ್ದ ಸಮಯವನ್ನು ನೋಡಿಕೊಂಡು, ಅಲ್ಲಿನ ಬಾಲ್ಟಿಮೋರ್ ಹೋಟೆಲಿನಲ್ಲಿ ಹದಿನೆಂಟು ಸಂಸ್ಥಾನಗಳ ಮೂವತ್ತಮೂರು ಪ್ರತಿನಿಧಿಗಳು ಸೇರಿ ದೇಶವ್ಯಾಪಿ ಸಂಘವನ್ನು ಸ್ಥಾಪಿಸಿದರು.

ನಾಲಗೆಯ ಒಣಗುವಿಕೆಗೆ ಅವರು ಕಂಡುಕೊಂಡ ಮದ್ದು ಸಭಾನಿಯಮಗಳು. ಅದರ ಹಿಂದೆಯೂ ಒಂದು ಕತೆಯಿದೆ. ಸೈನ್ಯದ ಎಂಜಿನಿಯರಾಗಿದ್ದ ಹೆನ್ರಿ ರಾಬರ್ಟ್ ಎಂಬಾತನನ್ನು 1863ರಲ್ಲಿ ನ್ಯೂ ಬೆಡ್‌ಫರ್ಡ್ ಎಂಬ ಊರಿನ ಸಭೆಯೊಂದಕ್ಕೆ ಇದ್ದಕ್ಕಿದ್ದಂತೆ ಅಧ್ಯಕ್ಷನನ್ನಾಗಿ ಮಾಡಿದರು. ಸಭೆ ನಡೆಸುವ ಬಗೆ ಆತನಿಗೆ ತಿಳಿಯದು. ಗದ್ದಲವಾಯಿತು, ಆತ ನಾಚಿ ನೀರಾದ. ಕೋಟೆಗಳನ್ನು ಕಟ್ಟಿದವನಿಗೆ ಸಭೆಯನ್ನು ಕಟ್ಟುವುದು ಬರಲಿಲ್ಲವೆಂಬ ಅಪಮಾನ ಮನಸ್ಸನ್ನು ಕೊರೆಯಿತು. ಹದಿಮೂರು ವರ್ಷಗಳ ಮೇಲೆ, 1876ರಲ್ಲಿ, ಆತನು ಅಚ್ಚು ಹಾಕಿಸಿದ ನಿಯಮಗಳ ಕಿರುಹೊತ್ತಗೆಯು ಅಮೆರಿಕದ ಸಭೆಗಳಿಗೆಲ್ಲ ಧರ್ಮಶಾಸ್ತ್ರವಾಯಿತು. ಒಬ್ಬನು ಗೊತ್ತುವಳಿಯನ್ನು ಮಂಡಿಸಬೇಕು. ಇನ್ನೊಬ್ಬನು ಅನುಮೋದಿಸದಿದ್ದರೆ ಅದು ಅಲ್ಲಿಯೇ ಬೀಳುತ್ತದೆ. ತಿದ್ದುಪಡಿ ಬಂದರೆ ಮೊದಲು ಅದರ ಮೇಲೆ ಮತ. ಬಹುಮತದವರು ಎಷ್ಟೇ ಆತುರಪಟ್ಟರೂ ಚರ್ಚೆಯನ್ನು ನಿಲ್ಲಿಸಲು ಮೂರರಲ್ಲಿ ಎರಡು ಪಾಲು ಮತ ಬೇಕು. ಸೋಲುವವನಿಗೂ ಮಾತನಾಡಲು ಅವಕಾಶವಿರಬೇಕಲ್ಲವೆ? ಭಾವೀ ರೈತರು ಇದರಲ್ಲಿ ಪಂದ್ಯವನ್ನೇ ನಡೆಸುತ್ತಾರೆ. ಸಂಘದಲ್ಲಿ ಮೇಲಿನ ಅಂತಸ್ತಿಗೆ ಏರಬೇಕಾದ ಹುಡುಗನು ತನ್ನ ಕೆಲಸದಿಂದ ಇಷ್ಟು ಹಣ ಗಳಿಸಿ ತೊಡಗಿಸಿರಬೇಕು, ಜತೆಗೆ ಸಭಾನಿಯಮಗಳಲ್ಲಿ ಇಷ್ಟನ್ನು ನಡೆಸಿ ತೋರಿಸಬೇಕು ಎಂಬ ಎರಡು ಷರತ್ತುಗಳು ಜೊತೆಜೊತೆಯಾಗಿವೆ. ಸಗಣಿ ಎತ್ತುವುದೂ ಸಭೆ ನಡೆಸುವುದೂ ಒಂದೇ ವಿದ್ಯೆಯ ಎರಡು ಪಾಠಗಳೆಂದು ಬಗೆದ ಶಾಲೆಗಳು ಲೋಕದಲ್ಲಿ ಹೆಚ್ಚಿಲ್ಲ.

ಮುಂದೆ ದೇಶದ ಅಧ್ಯಕ್ಷರಾದ ಜಿಮ್ಮಿ ಕಾರ್ಟರರು ಜಾರ್ಜಿಯ ಸಂಸ್ಥಾನದ ಪ್ಲೇನ್ಸ್ ಎಂಬ ಹಳ್ಳಿಯ ಹೈಸ್ಕೂಲಿನಲ್ಲಿ ಓದುತ್ತಿದ್ದಾಗ ಇಂಥ ಶಾಖೆಯೊಂದರ ಕಾರ್ಯದರ್ಶಿಯಾಗಿದ್ದರು. ಆದರೆ ಬಾಲ್ಯದಲ್ಲಿ ಹೊಲದಲ್ಲೂ ಹಳ್ಳದಲ್ಲೂ ಅವರೊಂದಿಗೆ ಆಡಿದ ಗೆಳೆಯರು ಆ ಶಾಖೆಯಲ್ಲಿ ಇರಲಿಲ್ಲ. ಅವರು ಕಪ್ಪು ಜನಾಂಗದ ಮಕ್ಕಳು. ದಕ್ಷಿಣದ ಸಂಸ್ಥಾನಗಳಲ್ಲಿ ಅವರಿಗೆ ಬೇರೆ ಶಾಲೆ, ಬೇರೆ ಪುಸ್ತಕ, ಬೇರೆ ನೀರಿನ ಕೊಳಾಯಿ. ಹುಡುಗಿಯರಿಗೂ ಈ ಸಂಘದಲ್ಲಿ ಎಡೆಯಿರಲಿಲ್ಲ. 1930ರಲ್ಲಿ ಸದಸ್ಯತ್ವವನ್ನು ಹುಡುಗರಿಗೆ ಮಾತ್ರವೆಂದು ಗೊತ್ತುಮಾಡಿದ್ದರು. 1969ರ ಅಧಿವೇಶನದಲ್ಲಿ ಆ ಬಾಗಿಲು ತೆರೆಯಿತು. 1982ರಲ್ಲಿ ಕ್ಯಾಲಿಫೋರ್ನಿಯದ ಜ್ಯಾನ್ ಎಬರ್ಲಿ ಎಂಬ ಹುಡುಗಿಯು ರಾಷ್ಟ್ರಾಧ್ಯಕ್ಷೆಯಾದಳು. ಹುಡುಗಿಯರ ಕತೆ ತಡವಾದರೂ ಸುಖಾಂತ. ಕಪ್ಪು ಹುಡುಗರ ಕತೆ ಅಷ್ಟು ಸರಳವಲ್ಲ.

ಅವರು ಹೊರಗೆ ನಿಂತು ಬಾಗಿಲು ತೆರೆಯಲೆಂದು ಕಾಯುತ್ತ ಕೂಡಲಿಲ್ಲ. ತಮ್ಮದೇ ಮನೆಯನ್ನು ಕಟ್ಟಿಕೊಂಡರು. ಪೀಟರ್ಸ್‌ಬರ್ಗ್ ಬಳಿ, ಇಂದು ವರ್ಜೀನಿಯ ಸ್ಟೇಟ್ ವಿಶ್ವವಿದ್ಯಾನಿಲಯವೆನಿಸಿರುವ ಸಂಸ್ಥೆಯಲ್ಲಿ, ಜಾರ್ಜ್ ವಾಷಿಂಗ್ಟನ್ ಓವೆನ್ಸ್ ಎಂಬ ಅಧ್ಯಾಪಕರಿದ್ದರು. ಕನ್ಸಾಸಿನ ಕೃಷಿ ಕಾಲೇಜಿನಿಂದ 1899ರಲ್ಲಿ ಪದವಿ ಪಡೆದ ಇವರು ಆ ಕಾಲೇಜಿನ ಮೊದಲ ಕಪ್ಪು ಪದವೀಧರರು. ಬ್ಲ್ಯಾಕ್ಸ್‌ಬರ್ಗಿನಲ್ಲಿ ಬಿಳಿಯ ಹುಡುಗರ ಸಂಘ ಹುಟ್ಟಿದ ಮರುವರ್ಷವೇ, 1927ರಲ್ಲಿ, ಓವೆನ್ಸರು ಬರೆದ ನಿಬಂಧನೆಗಳ ಆಧಾರದ ಮೇಲೆ ‘ವರ್ಜೀನಿಯದ ನವ ರೈತರು’ ಎಂಬ ಸಂಘ ಎದ್ದು ನಿಂತಿತು. ಅದು ನೆರೆಯ ಸಂಸ್ಥಾನಗಳಿಗೆ ಹಬ್ಬಿತು. 1935ರ ಆಗಸ್ಟಿನಲ್ಲಿ ಅಲಬಾಮದ ಟಸ್ಕೀಗಿಯಲ್ಲಿ ‘ನ್ಯೂ ಫಾರ್ಮರ್ಸ್ ಆಫ್ ಅಮೆರಿಕ’ ಎಂಬ ದೇಶವ್ಯಾಪಿ ಸಂಘವಾಯಿತು. ಇವರ ಲಾಂಛನದಲ್ಲಿಯೂ ನೇಗಿಲು, ಗೂಬೆ, ಉದಯಸೂರ್ಯ ಎಲ್ಲವೂ ಇದ್ದವು. ಮುಸುಕಿನ ಜೋಳದ ಸ್ಥಾನದಲ್ಲಿ ಮಾತ್ರ ಹತ್ತಿಯ ಕಾಯಿ. ಯಾವ ಹತ್ತಿಯ ಹೊಲಗಳಲ್ಲಿ ಇವರ ಮುತ್ತಜ್ಜಂದಿರು ಗುಲಾಮರಾಗಿ ದುಡಿದಿದ್ದರೋ ಅದೇ ಹತ್ತಿ. ಕೋಟಿನ ಬಣ್ಣ ಕಪ್ಪು, ಅಕ್ಷರಗಳು ಹೊನ್ನಿನವು.

ಟಸ್ಕೀಗಿಯೆಂದರೆ ಬೂಕರ್ ವಾಷಿಂಗ್ಟನ್ನರ ಊರು. ಗುಲಾಮನಾಗಿ ಹುಟ್ಟಿದ ಆತ 1881ರಲ್ಲಿ ಅಲ್ಲಿ ಕೈಕಸುಬಿನ ವಿದ್ಯಾಲಯವನ್ನು ಆರಂಭಿಸಿ, ತನ್ನ ಜನ ಮೊದಲು ದುಡಿಮೆಯಲ್ಲಿ ನುರಿತು ಸ್ವತ್ತು ಗಳಿಸಲಿ, ಹಕ್ಕುಗಳು ಮುಂದೆ ತಾವಾಗಿ ಬರುವವು ಎಂದು ಉಪದೇಶಿಸಿದರು. ಡಬ್ಲ್ಯು. ಇ. ಬಿ. ಡ್ಯುಬಾಯಿಸ್ ಎಂಬ ವಿದ್ವಾಂಸರು 1903ರಲ್ಲಿ ಪ್ರಕಟಿಸಿದ ತಮ್ಮ ಗ್ರಂಥದಲ್ಲಿ ಇದನ್ನು ಬಲವಾಗಿ ಖಂಡಿಸಿದರು. ಮತಾಧಿಕಾರವಿಲ್ಲದವನು ಗಳಿಸಿದ ಸ್ವತ್ತನ್ನು ಉಳಿಸಿಕೊಳ್ಳುವುದು ಹೇಗೆ? ಕಸುಬಿನ ಶಿಕ್ಷಣವೊಂದೇ ಸಾಕೆಂದರೆ ಇಡೀ ಜನಾಂಗಕ್ಕೆ ತಗ್ಗಿದ ಮಾಳಿಗೆ ಹೊದಿಸಿದಂತಾಗದೆ? ಈ ವಾದ ಇಂದಿಗೂ ಮುಗಿದಿಲ್ಲ. ಇಬ್ಬರಲ್ಲಿ ಡ್ಯುಬಾಯಿಸರ ಮಾತೇ ಹೆಚ್ಚು ತೂಕದ್ದೆಂಬುದನ್ನು ಮುಂದಿನ ಚರಿತ್ರೆ ತೋರಿಸಿದೆ. ಆದರೂ ನವ ರೈತರ ಸಂಘವನ್ನು ನೋಡಿದರೆ, ಆ ಇಬ್ಬರ ಶಿಷ್ಯರೂ ಒಂದೇ ಬೆಂಚಿನ ಮೇಲೆ ಕುಳಿತಂತೆ ತೋರುತ್ತದೆ.

ಏಕೆಂದರೆ ಆ ಹುಡುಗರು ಕಲಿತದ್ದು ಹತ್ತಿಯ ಬೇಸಾಯವನ್ನಷ್ಟೇ ಅಲ್ಲ. 1930ರ, 40ರ ದಶಕಗಳ ಅಲಬಾಮವನ್ನು ಕಣ್ಮುಂದೆ ತಂದುಕೊಳ್ಳಬೇಕು. ಅಲ್ಲಿ ಕಪ್ಪು ಜನರು ಮತ ಹಾಕಬಾರದೆಂದು ಕಾಯಿದೆಯಲ್ಲಿ ಎಲ್ಲೂ ಬರೆದಿರಲಿಲ್ಲ. ಆದರೆ ಮತ ಹಾಕುವ ಮೊದಲು ತಲೆಗಂದಾಯ ಕಟ್ಟಬೇಕು, ಅಕ್ಷರಪರೀಕ್ಷೆ ಕೊಡಬೇಕು, ಪರೀಕ್ಷಿಸುವ ಗುಮಾಸ್ತನಿಗೆ ತೃಪ್ತಿಯಾಗಬೇಕು. ಗುಮಾಸ್ತನಿಗೆ ತೃಪ್ತಿಯಾಗುತ್ತಿರಲಿಲ್ಲ. ಟಸ್ಕೀಗಿಯಲ್ಲಿ ಓದುಬರಹ ಬಲ್ಲ ಕಪ್ಪು ಜನರು ಹೆಚ್ಚಾಗಿ, ಮತದಾರರ ಪಟ್ಟಿಯಲ್ಲಿ ಅವರ ಸಂಖ್ಯೆ ನಾನೂರರಷ್ಟಾದಾಗ, 1957ರಲ್ಲಿ ಅಲಬಾಮದ ಶಾಸನಸಭೆಯು ಪಟ್ಟಣದ ಎಲ್ಲೆಯನ್ನೇ ಬದಲಾಯಿಸಿತು. ಅದುವರೆಗೆ ಚೌಕವಾಗಿದ್ದ ಊರು ಇಪ್ಪತ್ತೆಂಟು ಮೂಲೆಗಳ ವಿಕಾರ ಆಕೃತಿಯಾಯಿತು. ಆ ನಾನೂರರಲ್ಲಿ ನಾಲ್ಕೈದು ಜನರ ಹೊರತು ಉಳಿದವರೆಲ್ಲ ಮನೆ ಕದಲದೆಯೇ ಊರಿನ ಹೊರಗಾದರು; ಬಿಳಿಯ ಮತದಾರನೊಬ್ಬನೂ ಹೊರಗಾಗಲಿಲ್ಲ. ಟಸ್ಕೀಗಿ ವಿದ್ಯಾಲಯದ ಅಧ್ಯಾಪಕರಾದ ಚಾರ್ಲ್ಸ್ ಗೊಮಿಲಿಯನ್ನರು ದಾವೆ ಹೂಡಿದರು. 1960ರಲ್ಲಿ ಸುಪ್ರೀಂ ಕೋರ್ಟು ಅವರ ಪರವಾಗಿ ತೀರ್ಪು ಕೊಟ್ಟಿತು.

ತಂದೆಗೆ ಊರಿನ ಚುನಾವಣೆಯಲ್ಲಿ ಕೈಯೆತ್ತುವ ಹಕ್ಕಿಲ್ಲ. ಮಗ ಶಾಲೆಯಲ್ಲಿ ಕರಿಯ ಕೋಟು ತೊಟ್ಟು ಗೊತ್ತುವಳಿ ಮಂಡಿಸುತ್ತಾನೆ, ತಿದ್ದುಪಡಿ ತರುತ್ತಾನೆ, ಎತ್ತಿದ ಕೈಗಳನ್ನು ಎಣಿಸಿ ಫಲಿತಾಂಶವನ್ನು ಸಾರುತ್ತಾನೆ, ಸೋತವನ ಕೈಕುಲುಕುತ್ತಾನೆ. ಸಂಘದ ಹಣ ಅವನ ಪೆಟ್ಟಿಗೆಯಲ್ಲಿರುತ್ತದೆ. ಸಂಸ್ಥಾನದ ಅಧಿವೇಶನಕ್ಕೆ ಪ್ರತಿನಿಧಿಯಾಗಿ ಅವನು ಪ್ರಯಾಣ ಮಾಡುತ್ತಾನೆ. ಸುತ್ತಣ ರಾಜ್ಯವು ಅವನ ತಂದೆಗೆ ನಿರಾಕರಿಸಿದ್ದ ಪೌರತ್ವವನ್ನು ಬೇಸಾಯದ ತರಗತಿಯ ಒಂದು ಕೋಣೆ ಅವನಿಗೆ ಒಪ್ಪಿಸಿತ್ತು. ಶಾಲೆಯ ಚುನಾವಣೆಯನ್ನು ಮಕ್ಕಳಾಟವೆಂದು ನಗುವವರು ಈ ಕೋಣೆಯ ಮುಂದೆ ಸ್ವಲ್ಪ ನಿಲ್ಲಬೇಕು.

1964ರ ನಾಗರಿಕ ಹಕ್ಕುಗಳ ಶಾಸನವು ಬಣ್ಣದ ಭೇದವೆಣಿಸುವ ಸಂಸ್ಥೆಗೆ ಕೇಂದ್ರದ ಹಣ ಸಲ್ಲದೆಂದು ವಿಧಿಸಿತು. ಎರಡು ಸಂಘಗಳು ಇನ್ನು ಬೇರೆಬೇರೆಯಾಗಿ ಇರುವಂತಿರಲಿಲ್ಲ. 1965ರ ಆಗಸ್ಟಿನಲ್ಲಿ ಮತಾಧಿಕಾರದ ಶಾಸನವೂ ಜಾರಿಗೆ ಬಂದು ದಕ್ಷಿಣದ ಕಪ್ಪು ಜನರಿಗೆ ಮತಪೆಟ್ಟಿಗೆಯ ದಾರಿ ತೆರೆಯಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಕನ್ಸಾಸ್ ಸಿಟಿಯ ಮಹಾಧಿವೇಶನದಲ್ಲಿ ಸಂಘಗಳ ಕೂಡಿಕೆ ನಡೆಯಿತು. ಒಂದೆಡೆ ನಾಲ್ಕು ಲಕ್ಷಕ್ಕೂ ಹೆಚ್ಚು ಸದಸ್ಯರ ಭಾವೀ ರೈತರು. ಇನ್ನೊಂದೆಡೆ ಐವತ್ತು ಸಾವಿರಕ್ಕೂ ಮಿಕ್ಕ ನವ ರೈತರು. ಸಾವಿರಾರು ಜನರ ಎದುರಿನಲ್ಲಿ, ನವ ರೈತರ ಕೊನೆಯ ಅಧ್ಯಕ್ಷನಾದ ಅಡಾಲ್ಫಸ್ ಪಿನ್ಸನ್ ವೇದಿಕೆಯ ಮೇಲೆ ತನ್ನ ಕರಿಯ ಕೋಟನ್ನು ಕಳಚಿ ನೀಲಿಯ ಕೋಟನ್ನು ತೊಟ್ಟನು.

ಭೇದ ಅಳಿದ ಗಳಿಗೆ ಅದು. ಸಂತೋಷಪಡದವರಾರು? ಆದರೆ ಲೆಕ್ಕವನ್ನು ಕಟ್ಟುನಿಟ್ಟಾಗಿ ಬರೆಯಬೇಕೆಂಬುದು ಈ ಸಂಘದ್ದೇ ಪಾಠವಲ್ಲವೆ? ಕೂಡಿಕೆಯಲ್ಲಿ ಒಂದು ಕಡೆಯ ಹೆಸರು ಉಳಿಯಿತು, ಲಾಂಛನ ಉಳಿಯಿತು, ಬಣ್ಣ ಉಳಿಯಿತು. ಇನ್ನೊಂದು ಕಡೆಯದು ಯಾವುದೂ ಉಳಿಯಲಿಲ್ಲ. ಹತ್ತಿಯ ಕಾಯಿಗೆ ಹೊಸ ಲಾಂಛನದಲ್ಲಿ ಒಂದು ಮೂಲೆಯೂ ಸಿಗಲಿಲ್ಲ. ಕಪ್ಪು ಮಕ್ಕಳ ಶಾಲೆಗಳನ್ನು ಮುಚ್ಚಿ ಬಿಳಿಯರ ಶಾಲೆಗಳಿಗೆ ಸೇರಿಸುತ್ತ ಹೋದ ಹಾಗೆ, ಅಲ್ಲಿ ಬೇಸಾಯವನ್ನು ಕಲಿಸುತ್ತಿದ್ದ ಕಪ್ಪು ಉಪಾಧ್ಯಾಯರು ಅನೇಕರು ಕೆಲಸ ಕಳೆದುಕೊಂಡರು. ನಿನ್ನೆಯವರೆಗೆ ತನ್ನ ಶಾಖೆಗೆ ಅಧ್ಯಕ್ಷನಾಗಿದ್ದ ಹುಡುಗ ಇಂದು ಹೊಸ ಶಾಲೆಯಲ್ಲಿ ಕಡೆಯ ಸಾಲಿನ ಸದಸ್ಯ. ಎತ್ತಿದ ಕೈಗಳನ್ನು ಎಣಿಸಿದರೆ ಯಾರು ಗೆಲ್ಲುವರೆಂಬುದು ಎಣಿಸುವ ಮೊದಲೇ ಗೊತ್ತು. ಮುಂದಿನ ವರ್ಷಗಳಲ್ಲಿ ಸಂಘದಲ್ಲಿ ಕಪ್ಪು ಸದಸ್ಯರ ಸಂಖ್ಯೆ ಇಳಿಯುತ್ತ ಬಂದಿತು. ಬೇರ್ಪಟ್ಟ ಶಾಲೆಗಳು ಉಳಿಯಬೇಕಿತ್ತೆಂದು ಯಾರೂ ಹೇಳಲಾರರು. ಆದರೆ ಕೂಡಿಸುವ ಕರಾರನ್ನು ಬರೆದವರು ಪದವಿಗಳನ್ನೂ ಹಂಚಿ ಬರೆದಿದ್ದರೆ, ಉಪಾಧ್ಯಾಯರನ್ನು ಉಳಿಸಿಕೊಂಡಿದ್ದರೆ, ಎರಡು ಬಣ್ಣಗಳಿಗೂ ಒಂದು ಕೋಟಿನಲ್ಲಿ ಎಡೆ ಮಾಡಿದ್ದರೆ! ದೊಡ್ಡ ಮನೆ ಸಣ್ಣ ಮನೆಗಳು ಒಂದಾದಾಗಲೆಲ್ಲ ಅಡಿಗೆಯ ಪಾತ್ರೆಗಳೆಲ್ಲ ದೊಡ್ಡ ಮನೆಯವೇ ಆಗಿರುವುದು ಕೂಡುಕುಟುಂಬದ ಹೆಂಗಸರಿಗೆ ಚೆನ್ನಾಗಿ ತಿಳಿದ ವಿಷಯ.

ರಾಷ್ಟ್ರಮಟ್ಟದ ಪದಾಧಿಕಾರಿಗಳ ಸಾಲಿನಲ್ಲಿ ಮತ್ತೆ ಒಬ್ಬ ಕಪ್ಪು ಹುಡುಗ ನಿಲ್ಲಲು ಎಂಟು ವರ್ಷಗಳು ಹಿಡಿದವು. ಟೆಕ್ಸಸಿನ ಫ್ರೆಡ್ ಮೆಕ್ಲೂರ್ 1973ರಲ್ಲಿ ಕಾರ್ಯದರ್ಶಿಯಾಗಿ ಆಯ್ಕೆಯಾದರು. ಮುಂದೆ ಅವರು ಅಧ್ಯಕ್ಷ ಜಾರ್ಜ್ ಎಚ್. ಡಬ್ಲ್ಯು. ಬುಷ್ಷರ ಕಾಲದಲ್ಲಿ ಶ್ವೇತಭವನಕ್ಕೂ ಶಾಸನಸಭೆಗೂ ನಡುವಣ ವ್ಯವಹಾರವನ್ನು ನಡೆಸುವ ಅಧಿಕಾರಿಯಾದರು. ಗೊತ್ತುವಳಿಗಳ ವಿದ್ಯೆ ವ್ಯರ್ಥವಾಗಲಿಲ್ಲ. ಈ ನಡುವೆ ಬೇಸಾಯಗಾರರ ಸಂಖ್ಯೆಯೇ ಕುಗ್ಗುತ್ತ ಬಂದು, ಆಹಾರೋದ್ಯಮ, ಪಶುವೈದ್ಯ, ವ್ಯಾಪಾರಗಳ ಕಡೆಗೆ ಹೋಗುವ ಪಟ್ಟಣದ ಮಕ್ಕಳೂ ಸಂಘಕ್ಕೆ ಬೇಕಾದರು. 1988ರಲ್ಲಿ ‘ಭಾವೀ ರೈತರು’ ಎಂಬ ಹೆಸರನ್ನು ಬಿಟ್ಟು ‘ನ್ಯಾಷನಲ್ ಎಫ್. ಎಫ್. ಎ. ಆರ್ಗನೈಸೇಷನ್’ ಎಂದು ಕರೆದುಕೊಂಡರು. ಅಕ್ಷರಗಳು ಉಳಿದವು, ಅವುಗಳ ಅರ್ಥ ಜಾರಿತು. 2024ರಲ್ಲಿ ಸದಸ್ಯರ ಸಂಖ್ಯೆ ಹತ್ತು ಲಕ್ಷವನ್ನು ದಾಟಿತು.

ರಾಷ್ಟ್ರಾಧ್ಯಕ್ಷನ ಸುತ್ತಿಗೆ ಕಪ್ಪು ಹುಡುಗನೊಬ್ಬನ ಕೈಗೆ ಬಂದದ್ದು 1994ರಲ್ಲಿ. ಆತ ದಕ್ಷಿಣದ ಹತ್ತಿಯ ನಾಡಿನವನಲ್ಲ. ಶಿಕಾಗೊ ಮಹಾನಗರದ ಕೋರಿ ಫ್ಲೋರ್ನಾಯ್. ಪಟ್ಟಣವಾಸಿಯೊಬ್ಬ ಆ ಪದವಿಗೆ ಏರಿದ್ದೂ ಅದೇ ಮೊದಲು. 2017ರಲ್ಲಿ ಕ್ಯಾಲಿಫೋರ್ನಿಯದ ಬ್ರಿಯಾನ ಹೋಲ್ಬರ್ಟ್ ಆ ಪದವಿಯನ್ನು ಪಡೆದ ಮೊದಲ ಕಪ್ಪು ಹುಡುಗಿಯಾದಳು. ಫ್ಲೋರ್ನಾಯ್ ಓದಿದ್ದು ಶಿಕಾಗೊದ ಕೃಷಿವಿಜ್ಞಾನ ಹೈಸ್ಕೂಲಿನಲ್ಲಿ. 1985ರಲ್ಲಿ ಆರಂಭವಾದ ಆ ಶಾಲೆಗೆ ನಗರದ ಎಲ್ಲೆಯ ಒಳಗೇ ಹೊಲವಿದೆ, ಕೊಟ್ಟಿಗೆ ಇದೆ. ಸುತ್ತ ಮನೆಗಳು, ಅಂಗಡಿಗಳು, ಮೋಟಾರು ರಸ್ತೆಗಳು. ಬೇಸಗೆಯಲ್ಲಿ ಮಕ್ಕಳು ಬೆಳೆದ ತರಕಾರಿ, ಮುಸುಕಿನ ಜೋಳಗಳನ್ನು ಶಾಲೆಯ ಅಂಗಡಿಯಲ್ಲಿಯೇ ಮಾರುತ್ತಾರೆ. ನೆರೆಹೊರೆಯವರು ಬಂದು ಕೊಂಡು ಹೋಗುತ್ತಾರೆ.